ನನ್ನ ಕೇಸ್ ಪೇಪರಿನಲ್ಲಿ ಅಕ್ಕನಾಗಮ್ಮನ ಗಂಟಲು

ಮೈಂದರ್ಗಿಯ ನಮ್ಮ ಓಣಿಯಲ್ಲಿ ಹೆಂಗಸರಿಗೆ ಮೈಯಲ್ಲಿ ಏನಾದರೂ ಆದರೆ ಮೊದಲು ಅಕ್ಕನಾಗಮ್ಮನ ಕಟ್ಟೆಗೆ ಬರುತ್ತಿದ್ದರು, ಆಮೇಲೆ ಡಾಕ್ಟರ ಕಡೆಗೆ ಹೋಗುತ್ತಿದ್ದರು. ಅವಳು ಸೂಲಗಿತ್ತಿಯಲ್ಲ, ಬೇರುನಾರು ಕೊಡುವವಳೂ ಅಲ್ಲ. ಅವಳ ಹತ್ತಿರ ಇದ್ದದ್ದು ಬಾಯಿ.

ಅವಳು ಸೋಲಾಪುರದ ಅರಿವೆ ವ್ಯಾಪಾರಿಗಳ ಮಗಳು. ಅಪ್ಪನ ಗಾದಿಯ ಪಕ್ಕದಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಲೇ ದೊಡ್ಡವಳಾದವಳು. ಮರಾಠಿ ಸಾಲಿ ಕಲಿತಿದ್ದಳು. ಅಂಥವಳನ್ನು ತಂದು ಎರೆಹೊಲದ ಮನೆಗೆ ಕೊಟ್ಟರು. ನನ್ನ ಭಾವ ಧೂಳಪ್ಪನ ಹೆಂಡತಿ ಅವಳು. ತಮ್ಮ ಬಸಣ್ಣನ ಹೆಂಡತಿ ನಾನು. ಹೊಲ ಪಾಲಾದ ಮೇಲೆ ಎರಡು ಮನೆಗಳ ನಡುವೆ ಒಂದು ಗೋಡೆ ಎದ್ದಿತು. ಆ ಗೋಡೆಯಲ್ಲಿ ಒಂದು ಬಾಗಿಲು ಇರಲಿ ಎಂದು ಹಟ ಮಾಡಿ ಇಡಿಸಿದವಳೂ ಅವಳೇ. ನನ್ನ ಗಂಡ ತೀರಿಕೊಂಡ ಮೇಲೆ ಆ ಬಾಗಿಲಿಗೆ ಅಗಳಿ ಹಾಕಿದ್ದು ನಾನು ನೋಡಲಿಲ್ಲ.

ಸೋಲಾಪುರದ ಡಾಕ್ಟರುಗಳ ಮುಂದೆ ಆಡಬೇಕಾದದ್ದು ಮರಾಠಿ. ಅದು ನಮಗೆ ಬರುವುದೇ ಇಲ್ಲ ಎಂದಲ್ಲ. ಬದನೆಕಾಯಿ ಹೇಗೆ ಕೊಟ್ಟೆ, ಅಕ್ಕಲಕೋಟೆಯ ಬಸ್ಸು ಹೋಯಿತೋ ಇದೆಯೋ ಎಂದು ಕೇಳುವ ಮರಾಠಿ ಇಲ್ಲಿ ಹುಟ್ಟಿದ ಎಲ್ಲರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿತು ಎಂದು ಗಂಡಸು ಡಾಕ್ಟರ ಮುಂದೆ ಹೇಳುವ ಮರಾಠಿಯನ್ನು ನಮಗೆ ಯಾರೂ ಕಲಿಸಿರಲಿಲ್ಲ. ಕನ್ನಡದಲ್ಲೂ ಕಲಿಸಿರಲಿಲ್ಲ. ಅದಕ್ಕೆ ಅಕ್ಕನಾಗಮ್ಮ ಬೇಕಾಗುತ್ತಿದ್ದಳು.

ಕಟ್ಟೆಯ ಮೇಲೆ ಕೂತು, ಹಲ್ಲಿಗೆ ಮಶೇರಿ ತಿಕ್ಕುತ್ತ, ಬಂದವಳ ಕಷ್ಟವನ್ನೆಲ್ಲ ಕೇಳಿಸಿಕೊಳ್ಳುವಳು. ಮಶೇರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಸುಟ್ಟು ಮಾಡಿದ ಪುಡಿ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಅದಿಲ್ಲದೆ ಬೆಳಗಾಗುವುದಿಲ್ಲ. ಕೇಳಿ ಮುಗಿದ ಮೇಲೆ ಉಗುಳಿ, ಬಾಯಿ ಮುಕ್ಕಳಿಸಿ, "ನಾಳಿ ಮುಂಜಾನಿ ಬಸ್ಸಿಗಿ ತಯಾರಾಗು" ಎನ್ನುವಳು. ಸೋಲಾಪುರದ ದವಾಖಾನೆಯಲ್ಲಿ ಬಂದವಳು ಸೆರಗು ಎಳೆದುಕೊಂಡು ಕುರ್ಚಿಯ ಅಂಚಿನಲ್ಲಿ ಕೂಡುವಳು, ಅಕ್ಕನಾಗಮ್ಮ ನಿಂತು ಮಾತಾಡುವಳು. ಹೊಟ್ಟೆನೋವು ಇನ್ನೊಬ್ಬಳದಾದರೂ ಹೊಟ್ಟೆ ಹಿಡಿದುಕೊಳ್ಳುವವಳು ಇವಳು. ತನಗೇ ಆದ ಹಾಗೆ ಹೇಳುವಳು. ಅಲ್ಲಿಯ ಕಂಪೌಂಡರ್ ಒಮ್ಮೆ, "ಏನ್ರಿ ಬಾಯಾರ, ಹೋದ ವಾರ ನಿಮ್ಮ ಗರ್ಭಚೀಲ ಜಾರಿತ್ತು, ಈ ವಾರ ಬಸರಾಗೀರಿ?" ಎಂದು ನಕ್ಕಿದ್ದ. "ನಿನಗ ನೋಡಾಕ ಚೀಟಿ ಹರದಾರೇನ? ಒಳಗ ಬಿಡು" ಎಂದು ಇವಳು ಅವನನ್ನು ದೂಡಿಕೊಂಡೇ ಹೋಗಿದ್ದಳು.

ಆಗ ನೋಡುತ್ತಿದ್ದವರು ಗುರುನಾಥ ಡಾಕ್ಟರು. ಅವರು ಕಿವಿಯನ್ನು ಅಕ್ಕನಾಗಮ್ಮನಿಗೆ ಕೊಡುತ್ತಿದ್ದರು, ಕಣ್ಣನ್ನು ಕುರ್ಚಿಯ ಮೇಲಿನವಳ ಮೇಲೆ ಇಡುತ್ತಿದ್ದರು. ನಮ್ಮ ಇನ್ನೊಂದು ಪದ್ಧತಿಯೂ ಅವರಿಗೆ ಗೊತ್ತಿತ್ತು. ಒಬ್ಬಳ ಹೆಸರಿನಲ್ಲಿ ಕೇಸ್ ಪೇಪರ್ ತೆಗೆಸಿದರೆ ಮನೆಯವರ ಜಡ್ಡೆಲ್ಲ ಅದರ ಮೇಲೆ ಸವಾರಿ ಮಾಡುತ್ತಿತ್ತು. ಅತ್ತೆಯ ಕೆಮ್ಮು, ಮನೆಯಲ್ಲಿ ಬಿಟ್ಟು ಬಂದ ಕೂಸಿನ ಭೇದಿ, ಕರೆದುಕೊಂಡು ಬಂದವಳ ಮೊಣಕಾಲು. ಎಲ್ಲವನ್ನೂ ಆ ಕುರ್ಚಿಯಲ್ಲಿ ಕೂತವಳದೇ ಎನ್ನುವ ಹಾಗೆ ಹೇಳಿಬಿಡುವುದು. ಗುರುನಾಥ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಕೆಮ್ಮು ಈಕಿದಲ್ಲ, ಯಾರದು ಹೇಳ" ಎಂದು ಬೇರೆ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಬೈಯುತ್ತಲೂ ಇದ್ದರು. ಬೈದರೂ ಬರೆದುಕೊಡುತ್ತಿದ್ದರು.

ಹೀಗೆ ಊರವರ ಜಡ್ಡನ್ನೆಲ್ಲ ಹೊತ್ತು ತಿರುಗಿದ ಅಕ್ಕನಾಗಮ್ಮನ ಹೆಸರಿನಲ್ಲಿ ಒಂದು ಕೇಸ್ ಪೇಪರೂ ಇರಲಿಲ್ಲ. ಜ್ವರ, ಶೀತ, ಪಿತ್ತ, ಏನಿದ್ದರೂ ಇನ್ನೊಬ್ಬಳ ಪೇಪರಿನ ಮೇಲೆ ತೋರಿಸಿಕೊಂಡೇ ಅವಳ ಆಯುಷ್ಯ ಸಾಗಿತ್ತು.

ಹೋದ ವರ್ಷ ಹೋಳಿ ಹುಣ್ಣಿಮೆಯ ದಿವಸ ನಾನು ಮೊದಲು ಕಂಡೆ. ಹೋಳಿಗೆಯನ್ನು ಹಾಲಿನಲ್ಲಿ ಹಾಕಿ, ಅದು ಅಂಬಲಿಯಾಗುವ ತನಕ ಕಿವುಚಿ, ಕುಡಿಯುತ್ತಿದ್ದಳು. ಕೇಳಿದರೆ ಹಲ್ಲುನೋವು ಎಂದಳು. ಆಮೇಲೆ ನೋಡುತ್ತ ಬಂದೆ. ರೊಟ್ಟಿಯ ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಆಕಳ ಮುಂದೆ ಉಗುಳಿ ಬರುವಳು. ನೀರು ಕುಡಿದು ಕುಡಿದು ಅನ್ನ ಇಳಿಸುವಳು. ಸೀರೆಯ ನಿರಿಗೆ ದಿನದಿಂದ ದಿನಕ್ಕೆ ಹೆಚ್ಚು ಆಗುತ್ತಿತ್ತು. ಇದು ಹಲ್ಲಿನದಲ್ಲ ಎಂದು ತಿಳಿಯಲು ಸಾಲಿ ಬೇಕಾಗಿಲ್ಲ.

"ಅಕ್ಕಾ, ತೋರಿಸ್ಕೊಂಡ ಬರೋಣ ನಡಿ," ಎಂದೆ.

"ನನ್ನ ಯಾರ ಕರ್ಕೊಂಡ ಹೋಗ್ಬೇಕ? ನೀನೇನ?" ಎಂದು ನಕ್ಕಳು. "ನೀ ಡಾಕ್ಟರ ಮುಂದ ಕುಂತ್ರ ನಿನ್ನ ಹೆಸರ ಹೇಳಾಕ ನಾಕ ಸಲ ಸೆರಗ ತಿರುವ್ತಿ."

"ಹಂಗಾರ ಕೈಲಾಸಗ ಹೇಳ್ತೀನಿ."

ಕೈಲಾಸ ಅವಳ ಮಗ. ಅಕ್ಕನ ನಗು ಹೋಯಿತು. "ಹೇಳಿದ್ರ ಮಶೇರಿ ಡಬ್ಬಿ ಬಾವಿಗಿ ಒಗೀತಾನ. ಆಮ್ಯಾಲ ಸೊಸಿ ಮುಂದ ನಾ ಜಡ್ಡಿನಾಕಿ ಆಗ್ತೀನಿ. ಜಡ್ಡಿನಾಕಿ ಕೈಯಾಗ ಮನಿ ಕೀಲಿ ಯಾರ ಕೊಡ್ತಾರ? ಬಾಯಿ ಮುಚ್ಕೊ, ನೀಲಾ. ಡಾಕ್ಟರಗ ನಾನs ಕೇಳ್ತೀನಿ, ನನ್ನ ರೀತೀಲೆ."

ಅವಳ ರೀತಿ ಯಾವುದು ಎಂದು ನನಗೆ ಗೊತ್ತಿತ್ತು. ನನಗೆ ಶುಗರ್ ಇದೆ, ಅಂಗಾಲು ಉರಿಯುತ್ತದೆ, ಅದನ್ನು ತೋರಿಸಲು ಹೋಗುವುದಿತ್ತು. ಆದರೆ ಗುರುನಾಥ ಡಾಕ್ಟರು ಕೂಡುವುದನ್ನು ಬಿಟ್ಟಿದ್ದರು. ಅವರ ತಮ್ಮನ ಮಗ ಓಂಕಾರ ಡಾಕ್ಟರು ವಿಜಾಪುರ ರಸ್ತೆಯಲ್ಲಿ ಗಾಜಿನ ಹೊಸ ದವಾಖಾನೆ ಮಾಡಿದ್ದರು. ಹಳೆಯ ಪೇಪರುಗಳು ಅಲ್ಲಿಗೆ ಬಂದಿರಲಿಲ್ಲ. ಹೊರಗಿನ ಮೇಜಿನಲ್ಲಿ ಶ್ರದ್ಧಾ ಎನ್ನುವ ಹುಡುಗಿ ನಮ್ಮನ್ನು ಕೂಡಿಸಿ, ಸಮಾಧಾನದಿಂದ ತಿಳಿಸಿ ಹೇಳಿದಳು. ಅವಳಿಗೆ ಕನ್ನಡ ಬರುತ್ತಿತ್ತು, ಮನೆಯಲ್ಲಿ ಆಡಿದಷ್ಟು.

"ಆಜಿ, ಸಾಹೇಬ್ರ ಟೇಬಲ್ ಮ್ಯಾಲ ಒಂದ ಯಂತ್ರ ಅದ. ನೀವ ಮಾತಾಡಿದ್ದ ಎಲ್ಲಾ ಕೇಳಿ ಅದs ಬರೀತದ. ಸಾಹೇಬ್ರು ಬರಿಯೂದಿಲ್ಲ. ಅದಕ ಸ್ವಚ್ಛ ಮಾತಾಡ್ರಿ. ಒಬ್ಬರ ಆದ ಮ್ಯಾಲ ಒಬ್ಬರ. 'ಇಲ್ಲಿ ನೋಯ್ತದ' ಅಂತ ಕೈ ತೋರಿಸಿದ್ರ ಅದಕ ಕಾಣೂದಿಲ್ಲ, ಬಾಯೀಲೆ ಹೇಳ್ಬೇಕ. ಕನ್ನಡನೂ ತಿಳೀತದ, ಮರಾಠಿನೂ ತಿಳೀತದ. ನಡೀತದಲ್ಲ?"

"ನಡೀಲಾರದ ಏನ ಆಗ್ಯದ?" ಎಂದಳು ಅಕ್ಕನಾಗಮ್ಮ. ನನ್ನ ಕಡೆ ತಿರುಗಿ, "ನೋಡಿದಿ? ನನ್ನಂಥೋರ ಸಲುವಾಗೇ ಮಾಡ್ಯಾರ. ನಿನ್ನಂಥ ಗುಣುಗುಣು ಮಂದೀದ ಅದಕ ಹಿಡಿಸೂದಿಲ್ಲ" ಎಂದಳು.

ಒಳಗೆ ಹೋದೆವು. ಓಂಕಾರ ಡಾಕ್ಟರು ಒಳ್ಳೆಯ ಹುಡುಗ. ಎದ್ದು ನಿಂತು ಕೈ ಮುಗಿದರು. ಮೊಬೈಲಿನಷ್ಟು ದೊಡ್ಡ ಒಂದು ಕಪ್ಪು ವಸ್ತು ಮೇಜಿನ ಮೇಲಿತ್ತು. ಅದು ಬರೆದದ್ದು ಎದುರಿನ ಪರದೆಯ ಮೇಲೆ ಸಾಲುಸಾಲಾಗಿ ಬರುತ್ತಿತ್ತು. ಡಾಕ್ಟರ ಕಣ್ಣು ರೋಗಿಯ ಮೇಲೆ ಇರಲಿ ಎಂದು ಆ ಯಂತ್ರ ತಂದದ್ದಂತೆ. ಅವರ ಕಣ್ಣು ಅದು ಸರಿಯಾಗಿ ಬರೆಯುತ್ತದೆಯೋ ಇಲ್ಲವೋ ಎಂದು ನೋಡುವುದರಲ್ಲೇ ಇತ್ತು.

"ನೀಲಾಬಾಯಿ ಯಾರು?"

ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

"ಹೇಳಿ ಮಾವಶಿ, ಏನ ತ್ರಾಸ?"

ಅಕ್ಕನಾಗಮ್ಮ ಗಂಟಲು ಸರಿ ಮಾಡಿಕೊಂಡಳು. ಯಂತ್ರದ ಕಡೆ ಸ್ವಲ್ಪ ಬಗ್ಗಿ, ಶಬ್ದ ಶಬ್ದ ಬಿಡಿಸಿ, ಅಪ್ಪನ ಅಂಗಡಿಯ ಮರಾಠಿಯಲ್ಲಿ ಶುರು ಮಾಡಿದಳು. ಅಂಗಾಲು ಉರಿಯುತ್ತದೆ, ಗೋಣಿಚೀಲ ತೋಯಿಸಿ ಅದರ ಮೇಲೆ ಕಾಲಿಟ್ಟು ಮಲಗಬೇಕಾಗುತ್ತದೆ. ಇದು ನನ್ನದು, ಎಲ್ಲ ಸರಿ. ಆಮೇಲೆ ಉಸಿರೂ ಬಿಡದೆ ಮುಂದಕ್ಕೆ ಹೋದಳು. ಹೋಳಿ ಹುಣ್ಣಿಮೆಯಿಂದ ರೊಟ್ಟಿ ನುಂಗಲು ಆಗುತ್ತಿಲ್ಲ. ಎದೆಯ ನಡುವೆ ಬಂದು ನಿಲ್ಲುತ್ತದೆ. ಮೊದಲು ರೊಟ್ಟಿ ಮಾತ್ರ ನಿಲ್ಲುತ್ತಿತ್ತು, ಈಗ ಅನ್ನವೂ ಹಾಗೆಯೇ. ನೀರು ಕುಡಿದರೆ ಇಳಿಯುತ್ತದೆ, ಒಮ್ಮೊಮ್ಮೆ ತಿರುಗಿ ಬರುತ್ತದೆ. ಮೈ ಇಳಿದುಹೋಗಿದೆ.

ಅಷ್ಟೆಲ್ಲ ಆಗಿದೆ ಎಂದು ಅವಳು ನನಗೂ ಹೇಳಿರಲಿಲ್ಲ.

"ಸಾಹೇಬ್ರ, ಅದು..." ಎಂದೆ.

ಅವಳು ಮೇಜಿನ ಕೆಳಗೆ ನನ್ನ ಪಾದವನ್ನು ತುಳಿದಳು, ಉರಿಯುವ ಪಾದವನ್ನೇ. "ಆಕಿಗಿ ನಾಚ್ಕಿ ಭಾಳ, ಸಾಹೇಬ್. ನಾ ಹೇಳ್ತೀನಿ."

"ಒಬ್ಬರು ಮಾತಾಡಿ ಮಾವಶಿ," ಎಂದು ಡಾಕ್ಟರು ನನಗೆ ಕೈ ಅಡ್ಡ ಹಿಡಿದರು. "ಇಬ್ಬರೂ ಕೂಡಿ ಮಾತಾಡಿದರೆ ಇದು ಕಲಸಿ ಬರೆಯುತ್ತದೆ. ತಂಬಾಕು, ಮಶೇರಿ ಏನಾದರೂ?"

"ಅದ ರೀ. ಲಗ್ನ ಆದಾಗಿನಿಂದ. ದಿನಾ ಮುಂಜಾನಿ, ಸಂಜೀಕ."

ನಾನು ಹುಟ್ಟಿದಾಗಿನಿಂದ ಮಶೇರಿ ಮುಟ್ಟಿದವಳಲ್ಲ. ಡಾಕ್ಟರು ಒಮ್ಮೆ ನನ್ನನ್ನು ನೋಡಿದರು. ಕುರ್ಚಿ ತುಂಬ ಕೂತ ಹೆಂಗಸು ನಾನು. ಮೈ ಇಳಿದವಳ ಹಾಗೆ ಕಾಣಲಿಲ್ಲವೋ ಏನೋ, ಹುಬ್ಬು ಗಂಟಿಕ್ಕಿದರು. ಆದರೆ ನನ್ನ ಹಳೆಯ ತೂಕ ಅವರಲ್ಲಿ ಇರಲಿಲ್ಲ. ಯಾವುದಕ್ಕೆ ತೂಗಿ ನೋಡಬೇಕು? ತಿರುಗಿ ಪರದೆಯ ಕಡೆಗೆ ನೋಡಿದರು. ಅಲ್ಲಿ ಎಲ್ಲ ಸ್ವಚ್ಛವಾಗಿ ಬಂದಿತ್ತು. ಗಂಟಲಿನ ಒಳಗೆ ದುರ್ಬೀಣು ಬಿಟ್ಟು ನೋಡಬೇಕು, ತಡ ಮಾಡುವ ಹಾಗಿಲ್ಲ ಎಂದರು. ಅಲ್ಲಿಯ ತನಕ ಎಂದು ಒಂದು ಗುಲಾಬಿ ಬಣ್ಣದ ಔಷಧ ಬರೆದರು.

ಹೊರಗೆ ಬಂದು ರಸ್ತೆಯ ಬದಿಯಲ್ಲಿ ನಿಂತೆವು.

"ಈಗ ಒಳಗ ಹೋಗಿ ಖರೆ ಹೇಳು," ಎಂದೆ.

"ಏನ ಹೇಳ್ಲಿ? ಔಷಧ ಸಿಕ್ತಲ್ಲ." ಬಾಟಲಿಯನ್ನು ತನ್ನ ಚೀಲದಲ್ಲಿ ಇಟ್ಟುಕೊಂಡಳು. "ಗುರುನಾಥ ಸಾಹೇಬ್ರ ಇದ್ರ ಆಗಲೇ ನನ್ನ ಕಡೆ ನೋಡ್ತಿದ್ರು. ಈ ಹುಡುಗ ನೋಡಲಿಲ್ಲ. ನೋಡಿದ್ರ ಹೇಳ್ತಿದ್ನಿ."

ಈ ಮಾತನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೆ. ಅವಳು ನಿಜವಾಗಿ ಹೇಳುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು: ಅವಳು ಡಾಕ್ಟರಿಗೆ ಸುಳ್ಳು ಹೇಳಲು ಹೋದವಳಲ್ಲ. ಅವರೇ ಕಂಡು ಹಿಡಿದು ಕೇಳಲಿ ಎಂದು ಹೋದವಳು.

ಆ ದವಾಖಾನೆಯ ಪದ್ಧತಿ ಎಂದರೆ, ಯಂತ್ರ ಬರೆದದ್ದರ ಸಾರ ರೋಗಿಯ ಮನೆಯವರ ಮೊಬೈಲಿಗೆ ಹೋಗುತ್ತದೆ. ನನ್ನ ಮಗ ಯೋಗಿರಾಜ ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕಾರ್ಖಾನೆಗಳಲ್ಲಿ ಮಗ್ಗಗಳ ರಿಪೇರಿ ಮಾಡುತ್ತಾನೆ. ವಾರದ ಸೂಟಿಗೆ ಹೆಂಡತಿ ಮಕ್ಕಳನ್ನೂ ನನ್ನನ್ನೂ ನೋಡಲು ಬರುತ್ತಾನೆ. ಆ ದಿನ ಸೂಟಿ ಇಲ್ಲದೆಯೇ ಬಂದುಬಿಟ್ಟ. ಮುಖ ಬೆವತಿತ್ತು.

"ಅವ್ವಾ, ನುಂಗಾಕ ಆಗೂದಿಲ್ಲಂತ? ನಮಗ್ಯಾಕ ಹೇಳಿಲ್ಲ? ಮಶೇರಿ ಯಾವಾಗಿನಿಂದ ಹಚ್ಚಾಕತ್ತಿ?"

"ಅದು ನಂದಲ್ಲೋ. ನಿಮ್ಮ ದೊಡ್ಡವ್ವಂದು."

ಅವನು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. "ಇಲ್ಲಿ ನಿನ್ನ ಹೆಸರ ಅದ. ರೋಗಿ ಹೇಳ್ತಾಳ ಅಂತ ಅದ."

ನಾನು ಅವನನ್ನು ಕರೆದುಕೊಂಡು ಗೋಡೆಯ ಬಾಗಿಲು ದಾಟಿ ಹೋದೆ. ಅಂಗಳದಲ್ಲಿ ಭಾವ ಧೂಳಪ್ಪ, ಮಗ ಕೈಲಾಸ, ಎಲ್ಲರೂ ಇದ್ದರು. ಎಲ್ಲರ ಮುಂದೆ ಹೇಳಿದೆ. ಅಕ್ಕನಾಗಮ್ಮ ಜೋಳ ಹಸನು ಮಾಡುತ್ತಿದ್ದವಳು ಮೊರ ಕೂಡ ಕೆಳಗಿಡಲಿಲ್ಲ.

"ನನಗೇನ ಧಾಡಿ? ಮುಂಜಾನಿ ಎರಡ ರೊಟ್ಟಿ ತಿಂದೀನಿ. ಪಾಪ, ಆಕಿಗಿ ಅಂಜಿಕಿ ಬಂದದ. ತನ್ನ ಜಡ್ಡು ನನ್ನ ಮ್ಯಾಲ ಹಾಕಾಕತ್ತಾಳ."

"ಭಾವ, ನೀವs ನೋಡ್ರಿ ಆಕಿ ಮೈ," ಎಂದೆ.

ಭಾವ ಹೆಂಡತಿಯನ್ನು ನೋಡಲಿಲ್ಲ. "ಊರ ಮಂದಿ ಜಡ್ಡು ಹೇಳಾಕಿ ತನ್ನ ಜಡ್ಡು ಹೇಳ್ಕೊಳ್ಳೂದಿಲ್ಲೇನ? ಆಕಿಗಿ ಬಾಯಿ ಅದ. ಇದ್ರ ಹೇಳ್ತಾಳ," ಎಂದರು.

ಅವಳಿಗೆ ಬಾಯಿ ಇದೆ ಎಂದು ಎಲ್ಲರೂ ನಂಬಿದರು; ಅದಕ್ಕೇ ಯಾರೂ ಕೇಳಲಿಲ್ಲ.

ದುರ್ಬೀಣಿಗೆ ನಾನು ಒಪ್ಪಿದ್ದು ಒಂದು ಲೆಕ್ಕ ಇಟ್ಟುಕೊಂಡು. ನನ್ನ ಗಂಟಲಿನಲ್ಲಿ ಏನೂ ಇಲ್ಲ ಎಂದು ಡಾಕ್ಟರ ಬಾಯಿಂದಲೇ ಬಂದರೆ, ಹಾಗಾದರೆ ಆ ತಕರಾರು ಯಾರದು ಎಂದು ಕೇಳಲೇಬೇಕಲ್ಲ. ಕಹಿ ನೀರು ಹೊಡೆದು ಗಂಟಲನ್ನು ಮರಗಟ್ಟಿಸಿದರು. ಹಾವಿನಂಥ ನಳಿಗೆಯನ್ನು ಬಿಟ್ಟರು. ಕಣ್ಣಲ್ಲಿ ನೀರು ಹರಿಯಿತು. ಅಕ್ಕನ ಗಂಟಲಿಗೆ ಬೀಳಬೇಕಾದದ್ದು ನನ್ನ ಗಂಟಲಿಗೆ ಬಿದ್ದಿತು.

"ಎಲ್ಲ ಸ್ವಚ್ಛ ಇದೆ," ಎಂದರು ಓಂಕಾರ ಡಾಕ್ಟರು. "ಚಿಂತೆಗೂ ಹೀಗಾಗುತ್ತದೆ. ನಿಧಾನ ಅಗಿದು ತಿನ್ನಿ."

ನಾನು ನನಗೆ ಬಂದ ಮರಾಠಿಯಲ್ಲಿ, ಮರಗಟ್ಟಿದ ನಾಲಿಗೆಯಲ್ಲಿ, ಹೇಳಿದೆ. ಅದು ನನ್ನದಲ್ಲ, ಅವತ್ತು ನನ್ನ ಜೊತೆ ಬಂದವಳದು, ಅವಳನ್ನು ಕರೆಸಿ. ಯಂತ್ರ ಕೇಳುತ್ತಿತ್ತು. ಡಾಕ್ಟರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು ಕರೆತಂದಿದ್ದ ಯೋಗಿರಾಜನನ್ನು ನೋಡಿದರು.

"ಅವತ್ತು ಹೇಳಿದ್ದನ್ನು ಇವತ್ತು ಅಲ್ಲ ಎನ್ನುತ್ತಾರೆ. ಮನೆಯಲ್ಲಿ ಮರೆವು ಇದೆಯೇ?"

ಯೋಗಿರಾಜ ತಲೆ ತಗ್ಗಿಸಿದ. "ವಯಸ್ಸಾಗ್ಯದ ರೀ," ಎಂದ.

ಆ ಸಂಜೆಯ ಸಾರದಲ್ಲಿ ನನಗೆ ಮರೆವಿನ ಪರೀಕ್ಷೆ ಮಾಡಿಸಬೇಕು ಎಂದು ಬಂದಿತ್ತು. ಸೊಸೆ ಅಂದಿನಿಂದ ನಾನು ಒಲೆ ಆರಿಸಿದೆನೋ ಇಲ್ಲವೋ ಎಂದು ಹಿಂದೆ ಬಂದು ನೋಡತೊಡಗಿದಳು.

ಅಕ್ಕನಾಗಮ್ಮ ಮಾತ್ರ ಖುಷಿಯಾದಳು. ಗೋಡೆಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದಳು.

"ಏನಂದ್ರು?"

"ಸ್ವಚ್ಛ ಅದ ಅಂದ್ರು."

"ನೋಡಿದಿ? ಸುಳ್ಳs ಅಂಜಿಸಿದಿ ನನ್ನ."

"ಅಕ್ಕಾ, ನಳಿಗಿ ಹೋದದ್ದ ನನ್ನ ಗಂಟಲದಾಗ."

"ತಕರಾರು ನಂದಲ್ಲೇನ? ಡಾಕ್ಟರ ಉತ್ತರ ತಕರಾರಿಗಿ ಕೊಡ್ತಾರ. ನಿಧಾನ ತಿನ್ನಂದ್ರಂತ, ತಿಂತೀನಿ."

ನಕ್ಕಳು. ನನಗೆ ಸಿಟ್ಟು ಬಂತು. ಕಪಾಳಕ್ಕೆ ಹೊಡೆಯಬೇಕು ಎನ್ನುವಷ್ಟು. ಅವಳು ಅಷ್ಟು ದಡ್ಡಿಯಲ್ಲ. ಗೊತ್ತಿದ್ದೂ, ಒಂದು ಒಳ್ಳೆಯ ಮಾತು ಯಾರ ಹೆಸರಿಗೆ ಬಂದರೂ ತೆಗೆದುಕೊಂಡು ಹೋದಳು. ಊರವರ ಗುಳಿಗೆಗಳಲ್ಲಿ ಪಾಲು ತೆಗೆದುಕೊಂಡು ರೂಢಿಯಾದವಳು, ನನ್ನ ಸ್ವಚ್ಛ ಗಂಟಲಿನಲ್ಲೂ ಪಾಲು ತೆಗೆದುಕೊಂಡಳು. ಗುಲಾಬಿ ಔಷಧ ಮುಗಿದ ಮೇಲೆ ಅದೇ ಹೆಸರು ಹೇಳಿ ಅಂಗಡಿಯಿಂದ ಮತ್ತೆ ತರಿಸಿಕೊಂಡಳು.

ಮಳೆಗಾಲ ಬಂದರೂ ಹೀಗೆಯೇ ನಡೆಯಿತು. ಹೇಳುವುದನ್ನು ನಾನು ನಿಲ್ಲಿಸಲಿಲ್ಲ. ಕೈಲಾಸನಿಗೆ ಹೇಳಿದರೆ, "ಕಾಕು, ಮೊದಲ ನಿಮ್ಮ ಟೆಸ್ಟ್ ಮಾಡಿಸ್ಕೊರ್ರಿ" ಎನ್ನುತ್ತಿದ್ದ. ನನ್ನ ಮಾತಿಗೆ ಬೆಲೆ ಇಲ್ಲ ಎಂದು ದವಾಖಾನೆಯಲ್ಲೇ ಬರೆದಾಗಿತ್ತು.

ನಾಗರ ಪಂಚಮಿಗೆ ಜೋಳದ ಅಳ್ಳು ಹುರಿದೆವು. ನಾಗಪ್ಪನಿಗೆ ಹಾಲು ಹಾಕಿ ಬಂದು ಅಕ್ಕ ಉಳಿದ ಹಾಲನ್ನು ಬಾಯಿಗೆ ಹಾಕಿಕೊಂಡಳು. ಅದು ಮೂಗಿನಿಂದ ಹೊರಗೆ ಬಂತು. ಕೆಮ್ಮಿ ಕೆಮ್ಮಿ ಕಟ್ಟೆಯ ಮೇಲೆ ಬಿದ್ದಳು. ಆಗ ಎಲ್ಲರೂ ನೋಡಿದರು. ವಾರದ ಹಿಂದೆ ಅವಳಿಗೆ ಜ್ವರ ಬಂದು ದನಿ ಹೋಗಿತ್ತು; ಆಗಲೂ ಅದನ್ನು ಜ್ವರಕ್ಕೆ ಗಂಟಲು ಕಟ್ಟಿದೆ ಎಂದೇ ಅಂದುಕೊಂಡರು.

ಕೈಲಾಸ ಗಾಡಿ ಮಾಡಿದ. ನಾನೂ ಹತ್ತಿದೆ, ಯಾರೂ ಕರೆಯದೆ. ವಿಜಾಪುರ ರಸ್ತೆಯ ಅದೇ ದವಾಖಾನೆ. ಆ ದಿನ ಮೊದಲ ಸಲ ಅಕ್ಕನಾಗಮ್ಮನ ಹೆಸರಿನಲ್ಲಿ ಕೇಸ್ ಪೇಪರ್ ಆಯಿತು. ಕುರ್ಚಿಯ ಮೇಲೆ ಅವಳು ಕೂತಳು. ಮಾತಾಡಲು ಕೈಲಾಸ ನಿಂತ.

"ವಾರ ಆಯ್ತು ರೀ. ಜ್ವರ ಬಂದಿತ್ತು. ಗಂಟಲ ಬಾತದ. ಉಣ್ಣಾಕ ಒಲ್ಲೆ ಅಂತಾಳ."

ಅಕ್ಕ ಕೈಯೆತ್ತಿ ಅಲ್ಲ ಎಂದಳು. ಬಾಯಿ ಆಡಿಸಿದಳು. ಗಾಳಿ ಮಾತ್ರ ಬಂತು. ಶ್ರದ್ಧಾ ಯಂತ್ರವನ್ನು ಅವಳ ಬಾಯಿಯ ಹತ್ತಿರ ತಂದು ಹಿಡಿದಳು. "ಆಜಿ, ಇನ್ನ ಸ್ವಲ್ಪ ಜೋರ. ಅದಕ ಕೇಳ್ಸೂದಿಲ್ಲ."

ನಮ್ಮ ಊರಿನ ಹೆಂಗಸರಿಗೆಲ್ಲ ಬಾಯಿಯಾಗಿದ್ದವಳು, ಮೊಬೈಲಿನಷ್ಟು ದೊಡ್ಡ ವಸ್ತುವಿನ ಮುಂದೆ ಬಾಯಿ ತೆರೆದು ತೆರೆದು ಮುಚ್ಚಿದಳು. ಪರದೆಯ ಮೇಲೆ ಕೈಲಾಸನ ಮಾತು ನಿಂತಿತ್ತು, ವಾರದಿಂದ ಎಂದು.

"ಹೋಳಿ ಹುಣ್ಣಿವಿಯಿಂದ," ಎಂದೆ ನಾನು.

"ಕಾಕು, ನೀವ ಸುಮ್ಮನ ಕೂಡ್ರಿ," ಎಂದ ಕೈಲಾಸ.

"ಮಾವಶಿ, ಒಬ್ಬೊಬ್ಬರೇ," ಎಂದರು ಡಾಕ್ಟರು.

ನಾನು ಸುಮ್ಮನಾಗಲಿಲ್ಲ. "ಸಾಹೇಬ್ರ, ನನ್ನ ಪೇಪರ ತೆಗೀರಿ. ನೀಲಾಬಾಯಿ ಬಸಣ್ಣ. ಬ್ಯಾಸಗಿಯಾಗ ಬಂದದ್ದು. ಅದನ್ನ ಓದ್ರಿ."

ಏಕೆ ತೆಗೆದರೋ, ಬೇಸರಕ್ಕೆ ತೆಗೆದರೋ, ತೆಗೆದರು. ಓದಲು ಶುರು ಮಾಡಿದರು. ಹೋಳಿ ಹುಣ್ಣಿಮೆಯಿಂದ ರೊಟ್ಟಿ ನುಂಗಲು ಆಗುತ್ತಿಲ್ಲ. ಎದೆಯ ನಡುವೆ ನಿಲ್ಲುತ್ತದೆ. ಮೊದಲು ರೊಟ್ಟಿ, ಈಗ ಅನ್ನವೂ. ಒಂದೊಂದು ಮಾತಿಗೂ ಅಕ್ಕ ಹೌದೆಂದು ತಲೆಯಾಡಿಸುತ್ತಿದ್ದಳು. ಮೈ ಇಳಿದಿದೆ, ಹೌದು. ಮಶೇರಿ, ಹೌದು. ಡಾಕ್ಟರ ದನಿ ನಡುವೆ ಸಣ್ಣದಾಯಿತು. ಓದುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ನೋಡಬೇಕಾದವಳನ್ನು ಅವರು ನೋಡಿದ್ದು ಅದೇ ಮೊದಲು.

ಯಂತ್ರ ಒಂದು ಅಕ್ಷರವನ್ನೂ ತಪ್ಪಿರಲಿಲ್ಲ. ಅವಳು ಹೇಳಿದ್ದಷ್ಟನ್ನೂ ಬರೆದಿತ್ತು. ಹೆಸರು ಮಾತ್ರ ನನ್ನದು.

"ಇದು ಯಾರದು ಎಂದು ಅವತ್ತೇ ಸ್ವಚ್ಛ ಹೇಳಬೇಕಾಗಿತ್ತು," ಎಂದರು.

"ನಾ ಹೇಳೀನಲ್ರಿ, ನಳಿಗಿ ತೆಗದ ಮ್ಯಾಲ. ನೀವ ಮರೆವು ಅಂತ ಬರಸಿದ್ರಿ."

ಕೈಲಾಸ ಗೋಡೆಯ ಕಡೆ ಮುಖ ಮಾಡಿದ.

ಅಂದೇ ದುರ್ಬೀಣು ಹಾಕಿದರು. ಅದು ಅರ್ಧಕ್ಕೇ ನಿಂತಿತು. ಅನ್ನದ ದಾರಿಯಲ್ಲಿ ಗಂಟು ಬೆಳೆದು ಮುಚ್ಚಿತ್ತು. ಬೇರೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ, ಬೇಸಿಗೆಯಲ್ಲಿ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು, ಈಗ ಹೊಟ್ಟೆಗೆ ನಳಿಗೆ ಇಟ್ಟು ಗಂಜಿ ಹಾಕುವುದಷ್ಟೇ ಉಳಿದಿದೆ ಎಂದರು.

ಮನೆಗೆ ಬಂದ ಮೇಲೂ ಹೆಂಗಸರು ಬರುವುದು ನಿಲ್ಲಲಿಲ್ಲ. ನೋಡಲು ಬಂದೆವು ಎಂದು ಬರುವರು. ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡು, ಆಮೇಲೆ ಹತ್ತಿರ ಸರಿದು, "ಅಕ್ಕಾ, ನನಗ ಎರಡ ತಿಂಗಳಾತು ನೋಡ..." ಎಂದು ತಮ್ಮದನ್ನು ಶುರು ಮಾಡುವರು. ಸಾಯುವವಳ ಮುಂದೆ. ಅವಳು ಕೇಳುವಳು, ತಲೆಯಾಡಿಸುವಳು. ನಾನು ಒಬ್ಬಳನ್ನು ತೋಳು ಹಿಡಿದು ಹೊರಗೆ ಹಾಕಿದೆ. ಅಕ್ಕ ನನ್ನನ್ನು ಹತ್ತಿರ ಕರೆದು, ಗಾಳಿಯಂಥ ದನಿಯಲ್ಲಿ, "ಯಾಕ ಓಡಸ್ತಿ? ನಾ ಇನ್ನ ಕೇಳಾಕರ ಬರ್ತೀನಲ್ಲ" ಎಂದಳು. ಒಮ್ಮೆಯಾದರೂ ಅವಳು ಆ ದಿನದ ಮಾತನ್ನು ತೆಗೆಯಲಿಲ್ಲ. ನನ್ನ ಗಂಟಲನ್ನು ಬೆರಳಿನಿಂದ ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಂಡದ್ದು ಒಂದು ಸಲ ಉಂಟು.

ದಸರೆಯ ಬನ್ನಿ ಮುಡಿದಳು. ದೀಪಾವಳಿ ಕಾಣಲಿಲ್ಲ.

ಅವಳ ದಿನಗಳು ಮುಗಿದ ಮೇಲೆ ನಾನು ಒಬ್ಬಳೇ ಓಂಕಾರ ಡಾಕ್ಟರ ಹತ್ತಿರ ಹೋದೆ. ಬಾಗಿಲ ಮೇಲೆ ಹೊಸ ಹಲಗೆ ಹಾಕಿದ್ದರು. ಏನು ಬರೆದಿದೆ ಎಂದು ಶ್ರದ್ಧಾಳನ್ನು ಕೇಳಿದೆ.

"ರೋಗಿ ಒಬ್ಬರೇ ಒಳಗ ಬರ್ಬೇಕು, ತಮ್ಮ ತ್ರಾಸ ತಾವs ಸ್ವಚ್ಛ ಹೇಳ್ಬೇಕು ಅಂತ ಅದ, ಆಜಿ."

ಹಲಗೆ ಮರಾಠಿಯಲ್ಲಿತ್ತು. ಅದರ ಕೆಳಗಿನ ಬೆಂಚಿನ ಮೇಲೆ ನಮ್ಮ ಕಡೆಯ ಒಬ್ಬ ಹುಡುಗಿ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳು, ಜೊತೆಗೆ ಬಂದ ಅತ್ತೆಯನ್ನು ಹೊರಗೆ ನಿಲ್ಲಿಸಿದ್ದರು.

ಒಳಗೆ ಡಾಕ್ಟರು ನನ್ನ ಪೇಪರ್ ತೆಗೆದರು. ಪರದೆಯ ಮೇಲೆ ಎಲ್ಲ ಹಾಗೆಯೇ ಇತ್ತು: ನುಂಗುವ ತ್ರಾಸ, ಮಶೇರಿ, ಮರೆವು.

"ಇದನ್ನ ನನ್ನಿಂದ ತೆಗದ ಆಕಿ ಹೆಸರಿಗಿ ಹಾಕ್ರಿ," ಎಂದೆ. "ಆಕಿ ಪೇಪರಿನಾಗ ವಾರದಿಂದ ಜಡ್ಡು ಅಂತ ಅದ. ವಾರದ ಜಡ್ಡಿನಾಗ ಯಾರರ ಹಂಗ ಸಾಯ್ತಾರೇನ್ರಿ?"

"ಒಮ್ಮೆ ಸಹಿ ಆದದ್ದನ್ನು ಅಳಿಸಲು ಬರುವುದಿಲ್ಲ, ಮಾವಶಿ. ನಿಮಗೆ ಈ ತಕರಾರು ಇಲ್ಲ ಎಂದು ಕೆಳಗೆ ಸೇರಿಸಬಹುದು."

"ಹಂಗಾರ ಆಕಿದು ಅಂತನೂ ಸೇರಸ್ರಿ."

"ಒಬ್ಬರ ಪೇಪರಿನಲ್ಲಿ ಇನ್ನೊಬ್ಬ ರೋಗಿಯ ಹೆಸರು ಬರೆಯುವಂತಿಲ್ಲ. ಮನೆತನದ ರೋಗ ಎಂದು ಒಂದು ಜಾಗ ಇದೆ. ಅವರು ನಿಮಗೆ ಏನಾಗಬೇಕು?"

"ನೆಗೆಣ್ಣಿ. ಭಾವನ ಹೆಂಡ್ತಿ."

"ಅಂದರೆ ರಕ್ತಸಂಬಂಧ ಅಲ್ಲ." ಸ್ವಲ್ಪ ಹೊತ್ತು ಪರದೆಯನ್ನು ಹುಡುಕಿದರು. ನಿಜವಾಗಿ ಹುಡುಕಿದರು, ಸುಳ್ಳು ಹೇಳುವುದಿಲ್ಲ. "ಹಾಗಾದರೆ ಬರೆಯಲು ಜಾಗ ಇಲ್ಲ, ಮಾವಶಿ."

ಯಂತ್ರ ಮೇಜಿನ ಮೇಲೆ ಕೇಳುತ್ತಿತ್ತು. ನಾನು ಸೆರಗನ್ನು ತಲೆಯಿಂದ ಇಳಿಸಿ, ಅದರ ಕಡೆ ಬಗ್ಗಿ, ಶಬ್ದ ಶಬ್ದ ಬಿಡಿಸಿ ಹೇಳಿದೆ: "ಅಕ್ಕನಾಗಮ್ಮ ಧೂಳಪ್ಪ. ಊರು ಮೈಂದರ್ಗಿ. ಹೋಳಿ ಹುಣ್ಣಿವಿಯಿಂದ ರೊಟ್ಟಿ ನುಂಗಾಕ..."

ಡಾಕ್ಟರು ಕೈ ಚಾಚಿ ಯಂತ್ರವನ್ನು ನಿಲ್ಲಿಸಿದರು. ನಾನು ಪೂರ್ತಿ ಹೇಳಿದೆ.